ಸಂಧಿಯ ಸೀಮೆ: ಚೀನೀ ಉಪಭಾಷೆಗಳ ತಾನಪಲ್ಲಟದಲ್ಲಿ ವ್ಯಾಕರಣ ಮತ್ತು ಲಯ

ಎರಡು ಧ್ವನಿಗಳು ಅಥವಾ ಎರಡು ಪದಗಳು ಕೂಡುವಾಗ ಆಗುವ ಮಾರ್ಪಾಟನ್ನು ಸಂಧಿಯೆಂದು ಕರೆಯಲಾಗುತ್ತದೆ. ಈ ಮಾರ್ಪಾಟು ಏನು ಎಂಬುದನ್ನು ಲೋಪ, ಆಗಮ, ಆದೇಶಗಳೆಂಬ ವಿಭಾಗಗಳ ಮೂಲಕ ಕನ್ನಡದ ವ್ಯಾಕರಣ ಗ್ರಂಥಗಳು ವಿಸ್ತಾರವಾಗಿ ನಿರೂಪಿಸಿವೆ. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸಂಧಿಗೆ ಪ್ರತ್ಯೇಕ ಪ್ರಕರಣವೇ ಇದೆ. ಆದರೆ ಮಾರ್ಪಾಟು ಎಲ್ಲಿಯವರೆಗೆ ಹಬ್ಬುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬ ಮತ್ತೊಂದು ಪ್ರಶ್ನೆ ತರಗತಿಯ ಪಾಠಗಳಲ್ಲಿ ಹೆಚ್ಚಾಗಿ ಕೇಳಿಬರುವುದಿಲ್ಲ. ಸಂಸ್ಕೃತ ವೈಯಾಕರಣರಿಗೆ ಈ ಪ್ರಶ್ನೆ ಅಪರಿಚಿತವಾಗಿರಲಿಲ್ಲ. ಒಂದೇ ಪದದ ಒಳಗೆ, ಉಪಸರ್ಗ ಮತ್ತು ಧಾತುವಿನ ನಡುವೆ, ಸಮಾಸದಲ್ಲಿ ಸಂಹಿತೆ ನಿತ್ಯವೆಂದೂ, ವಾಕ್ಯದಲ್ಲಿ ಮಾತ್ರ ಅದು ವಕ್ತೃವಿನ ವಿವಕ್ಷೆಯನ್ನು ಅವಲಂಬಿಸಿರುತ್ತದೆಯೆಂದೂ ಹೇಳುವ ಸಾಂಪ್ರದಾಯಿಕ ಕಾರಿಕೆಯೊಂದು ಪ್ರಸಿದ್ಧವಾಗಿದೆ. ಸಂಧಿಗೆ ಒಂದು ಸೀಮೆಯಿದೆ, ಆ ಸೀಮೆಯನ್ನು ವ್ಯಾಕರಣರಚನೆ ಒಂದೆಡೆ, ಉಚ್ಚಾರಣೆಯ ಇಚ್ಛೆ ಮತ್ತೊಂದೆಡೆ ನಿರ್ಧರಿಸುತ್ತವೆ ಎಂಬ ತಿಳಿವು ಈ ಕಾರಿಕೆಯಲ್ಲಿ ಅಡಕವಾಗಿದೆ.

ಆಧುನಿಕ ಭಾಷಾವಿಜ್ಞಾನವು ಸಂಧಿ ಎಂಬ ಸಂಸ್ಕೃತ ಪದವನ್ನೇ ಪಾರಿಭಾಷಿಕವಾಗಿ ಸ್ವೀಕರಿಸಿತು. ಆ ಪದ ಅತಿ ಹೆಚ್ಚು ಬಳಕೆಯಾಗಿರುವ ಕ್ಷೇತ್ರಗಳಲ್ಲಿ ಚೀನೀ ಭಾಷೆಗಳ ಅಧ್ಯಯನವೂ ಒಂದು ಎಂಬುದು ಕುತೂಹಲಕರ. ಅಲ್ಲಿ ಸಂಧಿಗೆ ಒಳಗಾಗುವುದು ಸ್ವರವ್ಯಂಜನಗಳಿಗಿಂತ ಹೆಚ್ಚಾಗಿ ಅಕ್ಷರದ ಮೇಲಿರುವ ತಾನ. ಒಂದು ತಾನ ನೆರೆಯ ತಾನದ ಸನ್ನಿಧಿಯಲ್ಲಿ ಬದಲಾಗುವ ಈ ಪ್ರಕ್ರಿಯೆಯ ಸೀಮೆಯನ್ನು ಬೇರೆ ಬೇರೆ ಉಪಭಾಷೆಗಳು ಹೇಗೆ ಬೇರೆ ಬೇರೆಯಾಗಿ ಗುರುತಿಸುತ್ತವೆ, ಅದರಲ್ಲಿ ವಾಕ್ಯರಚನೆಯ ಪಾಲೆಷ್ಟು, ಮಾತಿನ ಲಯದ ಪಾಲೆಷ್ಟು ಎಂಬುದನ್ನು ನಾಲ್ಕು ನಗರಗಳ ನುಡಿಗಳ ಆಧಾರದಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಾನ ಎಂದರೇನು

ಕನ್ನಡ ಭಾಷಾವಿಜ್ಞಾನದ ಬರಹಗಳಲ್ಲಿ ತಾನ ಎಂಬ ಪದವನ್ನು ಪದದ ಅರ್ಥವನ್ನೇ ಬೇರ್ಪಡಿಸುವ ಧ್ವನಿಯ ಏರಿಳಿತಕ್ಕೆ ಬಳಸಲಾಗುತ್ತದೆ. ಸಂಗೀತದ ತಾನಕ್ಕೂ ಇದಕ್ಕೂ ಸಂಬಂಧವಿಲ್ಲ. ಕಾವ್ಯಮೀಮಾಂಸೆಯ ಕಾಕುವಿಗೂ ಇದಕ್ಕೂ ವ್ಯತ್ಯಾಸವಿದೆ. ಕಾಕು ಇಡೀ ಉಕ್ತಿಯ ಮೇಲೆ ಹರಡಿ ವಕ್ತೃವಿನ ಭಾವವನ್ನೋ ಪ್ರಶ್ನೆಯನ್ನೋ ಸೂಚಿಸಿದರೆ, ತಾನವು ವ್ಯಂಜನ ಸ್ವರಗಳಂತೆಯೇ ಪದದ ಸ್ವರೂಪಕ್ಕೆ ಸೇರಿದ್ದು. ಬೀಜಿಂಗ್ ನುಡಿಯನ್ನಾಧರಿಸಿದ ಪ್ರಮಾಣ ಚೀನಿಯಲ್ಲಿ 'ಮಾ' ಎಂಬ ಅಕ್ಷರವನ್ನು ಎತ್ತರದ ಸಮತಾನದಲ್ಲಿ ಉಚ್ಚರಿಸಿದರೆ ತಾಯಿ, ಏರುತಾನದಲ್ಲಿ ಸೆಣಬು, ತಗ್ಗಿ ಏಳುವ ತಾನದಲ್ಲಿ ಕುದುರೆ, ಇಳಿತಾನದಲ್ಲಿ ಬೈಯುವುದು. ಇವುಗಳನ್ನು ಕ್ರಮವಾಗಿ 1, 2, 3, 4ನೆಯ ತಾನಗಳೆಂದು ಹೇಳುವುದು ರೂಢಿ. ತಾನದ ಎತ್ತರವನ್ನು 1ರಿಂದ 5ರವರೆಗಿನ ಐದು ಮೆಟ್ಟಿಲುಗಳಲ್ಲಿ ಅಳೆಯುವ ಪದ್ಧತಿಯನ್ನು ಚಾವ್ ಯುವೆನ್‌ರೆನ್ 1930ರಲ್ಲಿ ರೂಪಿಸಿದರು. ಆ ಪ್ರಕಾರ ಬೀಜಿಂಗಿನ ನಾಲ್ಕು ತಾನಗಳು 55, 35, 214, 51. ಮೊದಲ ಅಂಕೆ ಆರಂಭದ ಎತ್ತರವನ್ನೂ ಕೊನೆಯ ಅಂಕೆ ಮುಕ್ತಾಯದ ಎತ್ತರವನ್ನೂ ಸೂಚಿಸುತ್ತವೆ.

ಚೀನೀ ಉಪಭಾಷೆ ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದ ಗ್ರಹಿಸಬೇಕಾಗುತ್ತದೆ. ಬೀಜಿಂಗ್, ಶಾಂಘೈ, ಷಿಯಾಮೆನ್ ನುಡಿಗಳನ್ನಾಡುವವರು ತಮ್ಮ ತಮ್ಮ ನುಡಿಯಲ್ಲೇ ಮಾತಾಡಿದರೆ ಪರಸ್ಪರ ಅರ್ಥವಾಗುವುದಿಲ್ಲ. ಸಾಮಾನ್ಯ ಲಿಪಿ ಮತ್ತು ಸಾಮಾನ್ಯ ಸಾಹಿತ್ಯ ಪರಂಪರೆಗಳು ಅವನ್ನು ಒಂದೇ ಭಾಷೆಯ ಶಾಖೆಗಳಾಗಿ ಕಾಣುವಂತೆ ಮಾಡಿವೆ. ತಾನಗಳ ಸಂಖ್ಯೆಯೂ ಸಂಧಿಯ ಪ್ರಮಾಣವೂ ಶಾಖೆಯಿಂದ ಶಾಖೆಗೆ ಬದಲಾಗುತ್ತವೆ. ಕ್ಯಾಂಟನೀಸ್‌ನಲ್ಲಿ ತಾನಗಳು ಹೆಚ್ಚು, ಸಂಧಿ ಅತ್ಯಲ್ಪ. ಷಿಯಾಮೆನ್ನಿನಲ್ಲಿ ಸಂಧಿಯಿಲ್ಲದೆ ವಾಕ್ಯವೊಂದನ್ನು ಮುಗಿಸುವುದೇ ಕಷ್ಟ.

ಬೀಜಿಂಗ್: ರಚನೆಯ ಮೇಲೆ ಲಯದ ಹಿಡಿತ

ಪ್ರಮಾಣ ಚೀನಿಯ ಅತ್ಯಂತ ಪ್ರಸಿದ್ಧ ನಿಯಮವೆಂದರೆ ಎರಡು 3ನೆಯ ತಾನಗಳು ಒಟ್ಟಿಗೆ ಬಂದಾಗ ಮೊದಲನೆಯದು 2ನೆಯ ತಾನವಾಗುವುದು. 'ನೀ ಹಾವ್' ಎಂಬ ಕುಶಲಪ್ರಶ್ನೆಯ ಎರಡು ಅಕ್ಷರಗಳೂ ಮೂಲದಲ್ಲಿ 3ನೆಯ ತಾನದವು; ಮಾತಿನಲ್ಲಿ ಅದು 2-3 ಆಗಿ ಕೇಳುತ್ತದೆ. ಈ ನಿಯಮ ಹಳೆಯದು. 16ನೆಯ ಶತಮಾನದಲ್ಲಿ ಕೊರಿಯಾದ ವಿದ್ವಾಂಸ ಚ್ವೆ ಸೆಜಿನ್ ಚೀನೀ ಕಲಿಕೆಗಾಗಿ ಸಿದ್ಧಪಡಿಸಿದ ಪಠ್ಯಗಳಲ್ಲಿ ಇದರ ಕುರುಹುಗಳಿರುವುದನ್ನು ಮೇ ತ್ಸುಲಿನ್ 1977ರಲ್ಲಿ ತೋರಿಸಿಕೊಟ್ಟರು. ಪಲ್ಲಟ ಎಷ್ಟು ಸಂಪೂರ್ಣವೆಂದರೆ, 'ಕುದುರೆ ಕೊಳ್ಳು' ಎಂಬ 3-3 ಮತ್ತು 'ಕುದುರೆ ಹೂಳು' ಎಂಬ 2-3 ಉಕ್ತಿಗಳೆರಡೂ 'ಮಾಯ್ ಮಾ' ಎಂದು ಒಂದೇ ಬಗೆಯಾಗಿ ಕೇಳುತ್ತವೆ. ಬೀಜಿಂಗ್ ಭಾಷಿಕರೂ ಇಂತಹ ಜೋಡಿಗಳನ್ನು ಕಿವಿಯಿಂದ ಬೇರ್ಪಡಿಸಲಾರರೆಂಬುದನ್ನು ವಿಲಿಯಂ ವಾಂಗ್ ಮತ್ತು ಲೀ ಕುಂಗ್‌ಪು 1967ರಲ್ಲಿ ಪ್ರಯೋಗದ ಮೂಲಕ ಪರೀಕ್ಷಿಸಿದ್ದರು.

ಎರಡು ಅಕ್ಷರಗಳ ಮಟ್ಟಿಗೆ ವಿಷಯ ಸರಳ. ಮೂರು ಅಕ್ಷರಗಳು ಕೂಡಿದಾಗ ವ್ಯಾಕರಣ ಪ್ರವೇಶಿಸುತ್ತದೆ. 'ಜಾನ್ ಲಾನ್ ಗ್ವಾನ್' ಎಂದರೆ ವಸ್ತುಪ್ರದರ್ಶನ ಭವನ. ಇಲ್ಲಿ 'ಜಾನ್‌ಲಾನ್' ಎಂದರೆ ಪ್ರದರ್ಶನ, ಅದಕ್ಕೆ 'ಗ್ವಾನ್' ಸೇರಿದೆ. 'ಶಿಯಾವ್ ಲಾವ್ ಹು' ಎಂದರೆ ಸಣ್ಣ ಹುಲಿ. ಇಲ್ಲಿ 'ಲಾವ್‌ಹು' ಎಂಬ ಹುಲಿವಾಚಕಕ್ಕೆ ಮುಂದೆ 'ಶಿಯಾವ್' ಎಂಬ ವಿಶೇಷಣ ಸೇರಿದೆ. ಆರೂ ಅಕ್ಷರಗಳು 3ನೆಯ ತಾನದವೇ. ಆದರೂ ಮೊದಲನೆಯದು 2-2-3 ಎಂದೂ ಎರಡನೆಯದು 3-2-3 ಎಂದೂ ಉಚ್ಚಾರವಾಗುತ್ತವೆ. ಒಳಗಿನ ಜೋಡಿಗೆ ಮೊದಲು ಸಂಧಿ ಮಾಡಿ ಅನಂತರ ಹೊರಗಿನ ಪದವನ್ನು ಸೇರಿಸಿದರೆ ಈ ಭೇದ ತಾನಾಗಿ ಸ್ಪಷ್ಟವಾಗುತ್ತದೆ. 'ಜಾನ್‌ಲಾನ್' 2-3 ಆದ ಮೇಲೆ 'ಗ್ವಾನ್' ಬಂದಾಗ 'ಲಾನ್' ಇನ್ನೂ 3ರಲ್ಲೇ ಇರುವುದರಿಂದ ಅದೂ 2 ಆಗುತ್ತದೆ. 'ಲಾವ್‌ಹು' 2-3 ಆದ ಮೇಲಾದರೋ 'ಶಿಯಾವ್' ಎಂಬುದರ ಮುಂದಿರುವುದು 2ನೆಯ ತಾನ. ಹಾಗಾಗಿ ಅದು ಬದಲಾಗಬೇಕಾದ ಕಾರಣವಿಲ್ಲ. ಹೀಗೆ ಸಮಾಸದ ವಿಗ್ರಹವಾಕ್ಯವೇ ತಾನದಲ್ಲಿ ಕೇಳಿಸುತ್ತದೆ. ಕನ್ನಡದ ವಿದ್ಯಾರ್ಥಿಗೆ ಸಮಾಸ ಬಿಡಿಸುವ ಅಭ್ಯಾಸವಿರುವುದರಿಂದ ಇದು ಹೊಸತೆನಿಸಲಾರದು.

ರೂಪರಚನೆಯ ಬಗೆಯೂ ಇಲ್ಲಿ ಪರಿಣಾಮ ಬೀರುತ್ತದೆ. 'ಶಿಯಾಂಗ್' ಎಂಬ 'ಯೋಚಿಸು' ಧಾತುವಿನ ದ್ವಿರುಕ್ತಿಯಾದ 'ಶಿಯಾಂಗ್‌ಶಿಯಾಂಗ್' ಎಂಬಲ್ಲಿ, ಎರಡನೆಯ ಅಕ್ಷರ ತಾನ ಕಳೆದುಕೊಂಡು ಹಗುರವಾದರೂ ಮೊದಲನೆಯದು 2ನೆಯ ತಾನಕ್ಕೆ ಪಲ್ಲಟಗೊಳ್ಳುತ್ತದೆ. ಅಕ್ಕ ಎಂಬರ್ಥದ 'ಜಿಯೆಜಿಯೆ' ಎಂಬ ದ್ವಿರುಕ್ತಿಯಲ್ಲಿ ಮೊದಲನೆಯದು ಪಲ್ಲಟವಾಗದೆ ತಗ್ಗಾಗಿಯೇ ಉಳಿಯುತ್ತದೆ. ಧ್ವನಿಯ ದೃಷ್ಟಿಯಿಂದ ಎರಡೂ ಒಂದೇ ಬಗೆಯ ಜೋಡಿಗಳು. ಒಂದು ಕ್ರಿಯಾದ್ವಿರುಕ್ತಿ, ಇನ್ನೊಂದು ಬಂಧುವಾಚಕ ಎಂಬುದಷ್ಟೇ ಭೇದ. 'ಇ' ಎಂಬ ಸಂಖ್ಯಾವಾಚಕದ ನಡೆಯೂ ಹೀಗೆಯೇ. ಎಣಿಕೆಯ ಒಂದು ಎಂಬರ್ಥದಲ್ಲಿ ಮುಂದಿನ ಅಕ್ಷರಕ್ಕನುಸಾರವಾಗಿ ಅದರ ತಾನ ಬದಲಾಗುತ್ತದೆ, ಮೊದಲನೆಯ ಎಂಬ ಕ್ರಮವಾಚಕಾರ್ಥದಲ್ಲಿ ಬದಲಾಗುವುದಿಲ್ಲ.

ಇಷ್ಟನ್ನು ನೋಡಿದವರಿಗೆ ತಾನಸಂಧಿಯನ್ನು ಸಂಪೂರ್ಣವಾಗಿ ವ್ಯಾಕರಣವೇ ನಡೆಸುತ್ತದೆಂಬ ತೀರ್ಮಾನ ಸಹಜವಾಗಿಯೇ ಬರಬಹುದು. ಅದು ಅವಸರದ ತೀರ್ಮಾನ. 'ಗೋವ್ ಬಿ ಮಾ ಶಿಯಾವ್' ಎಂಬ ವಾಕ್ಯಕ್ಕೆ ನಾಯಿ ಕುದುರೆಗಿಂತ ಚಿಕ್ಕದು ಎಂದರ್ಥ. ನಾಲ್ಕೂ 3ನೆಯ ತಾನದ ಅಕ್ಷರಗಳು. 'ಬಿ' ಎಂಬುದು ಕನ್ನಡದ 'ಗಿಂತ' ಪ್ರತ್ಯಯದ ಕೆಲಸ ಮಾಡುವ ಪೂರ್ವಾವ್ಯಯ. ವಾಕ್ಯರಚನೆಯ ಪ್ರಕಾರ ಅದು ತನ್ನ ಮುಂದಿರುವ 'ಮಾ' ಎಂಬುದರೊಡನೆ ಮೊದಲು ಕೂಡಬೇಕು. ಹಾಗೆ ಒಳಗಿನಿಂದ ಹೊರಕ್ಕೆ ಸಂಧಿ ಮಾಡುತ್ತ ಬಂದರೆ 3-2-2-3 ಸಿದ್ಧಿಸುತ್ತದೆ. ಈ ಉಚ್ಚಾರಣೆ ಇದೆ. ಆದರೆ ಇದರ ಜೊತೆಗೆ 2-3-2-3 ಎಂಬ ಉಚ್ಚಾರಣೆಯೂ ಅಷ್ಟೇ ಸಹಜವಾಗಿ ಬಳಕೆಯಲ್ಲಿದೆ. ಈ ಎರಡನೆಯದರಲ್ಲಿ 'ಗೋವ್ ಬಿ' ಒಂದು ಜೋಡಿ, 'ಮಾ ಶಿಯಾವ್' ಇನ್ನೊಂದು ಜೋಡಿ. ಅಂದರೆ 'ನಾಯಿ-ಗಿಂತ' 'ಕುದುರೆ-ಚಿಕ್ಕದು' ಎಂದು ಒಡೆದ ಹಾಗೆ. ಅರ್ಥದ ದೃಷ್ಟಿಯಿಂದ ಇದು ಅಸಂಬದ್ಧ ವಿಭಜನೆ. ಲಯದ ದೃಷ್ಟಿಯಿಂದ ಎರಡೆರಡು ಅಕ್ಷರಗಳ ಅಚ್ಚುಕಟ್ಟಾದ ಗಣವಿಭಜನೆ.

ಗಣ ಎಂಬ ಪದವನ್ನು ಇಲ್ಲಿ ಉದ್ದೇಶಪೂರ್ವಕವಾಗಿಯೇ ಬಳಸಲಾಗಿದೆ. 1986ರಲ್ಲಿ ಶಿ ಚೀಲಿನ್ ತಮ್ಮ ಸಂಶೋಧನಾ ಪ್ರಬಂಧದಲ್ಲಿ ಪ್ರತಿಪಾದಿಸಿದ್ದು ಇದನ್ನೇ. ಅವರ ಪ್ರಕಾರ ಮೂರನೆಯ ತಾನದ ಸಂಧಿಯ ಸೀಮೆ ಲಯದ ಗಣ. ವಾಕ್ಯರಚನೆಯಲ್ಲಿ ಅತಿ ನಿಕಟವಾಗಿರುವ ಎರಡು ಅಕ್ಷರಗಳು ಮೊದಲು ಗಣವಾಗುತ್ತವೆ. ಉಳಿದ ಬಿಡಿ ಅಕ್ಷರಗಳು ಎಡದಿಂದ ಬಲಕ್ಕೆ ಎರಡೆರಡಾಗಿ ಕೂಡುತ್ತವೆ. ಇನ್ನೂ ಒಂಟಿಯಾಗಿ ಉಳಿದದ್ದು ನೆರೆಯ ಗಣಕ್ಕೆ ಸೇರಿ ಮೂರಕ್ಷರದ ಗಣವಾಗುತ್ತದೆ. ವ್ಯಾಕರಣವು ಗಣವಿಭಜನೆಗೆ ಸಾಮಗ್ರಿ ಒದಗಿಸುತ್ತದೆ, ಆದರೆ ಸಂಧಿ ಕಾಣುವುದು ಗಣವನ್ನು ಮಾತ್ರ. ಇದರ ಶುದ್ಧ ನಿದರ್ಶನವೆಂದರೆ ಅಂಕೆಗಳ ಸಾಲು. ಐದಕ್ಕೆ 'ವು', ಒಂಬತ್ತಕ್ಕೆ 'ಜಿಯೊ'. ಎರಡೂ 3ನೆಯ ತಾನದವು. 5959 ಎಂಬ ಸಂಖ್ಯೆಯನ್ನು ಬಿಡಿ ಅಂಕೆಗಳಾಗಿ ಓದುವಾಗ ಅದರೊಳಗೆ ಯಾವ ವಾಕ್ಯರಚನೆಯೂ ಇಲ್ಲ, ವಿಶೇಷಣವಿಲ್ಲ, ಕರ್ತೃಕರ್ಮಗಳಿಲ್ಲ. ಆದರೂ ಅದು 2-3, 2-3 ಎಂದೇ ಒಡೆಯುತ್ತದೆ. ಐದು ಅಂಕೆಗಳಿದ್ದರೆ ಕೊನೆಯ ಮೂರು ಸೇರಿ 2-3, 2-2-3 ಆಗುತ್ತದೆ. ವ್ಯಾಕರಣ ಸುಮ್ಮನಿರುವಲ್ಲಿಯೂ ಲಯ ತನ್ನ ಕೆಲಸವನ್ನು ಮಾಡಿಯೇ ಮಾಡುತ್ತದೆ.

ಮಾತಿನ ವೇಗ ಇದಕ್ಕೆ ಇನ್ನೊಂದು ಆಯಾಮವನ್ನು ಕೊಡುತ್ತದೆ. 'ಲಾವ್ ಲೀ ಮಾಯ್ ಹಾವ್ ಜಿಯೊ' ಎಂಬುದು ಈ ಕ್ಷೇತ್ರದ ಬರಹಗಳಲ್ಲೆಲ್ಲ ಬರುವ ಉದಾಹರಣೆ. ಮುದುಕ ಲೀ ಒಳ್ಳೆಯ ಮದ್ಯ ಕೊಳ್ಳುತ್ತಾನೆ ಎಂಬುದು ಅರ್ಥ. ಐದೂ ಅಕ್ಷರಗಳು 3ನೆಯ ತಾನದವು. ಚೆಂಗ್ ಚಿನ್‌ಚುವಾನ್ ಪ್ರಮಾಣ ಚೀನಿಯ ಧ್ವನಿವ್ಯವಸ್ಥೆಯನ್ನು ಕುರಿತ ತಮ್ಮ 1973ರ ಗ್ರಂಥದಲ್ಲಿ ಇಂತಹ ವಾಕ್ಯಗಳ ಉಚ್ಚಾರಣೆಯನ್ನು ಮಾತಿನ ವೇಗದೊಂದಿಗೆ ಜೋಡಿಸಿ ಚರ್ಚಿಸಿದರು. ಕರ್ತೃಪದದ ನಂತರ ನಿಲುಗಡೆ ಕೊಟ್ಟು ನಿಧಾನವಾಗಿ ಹೇಳಿದರೆ 2-3, 3-2-3. ನಿಲುಗಡೆಯಿಲ್ಲದೆ ಹೇಳಿದರೆ 'ಲೀ' ಕೂಡ ಪಲ್ಲಟಗೊಂಡು 2-2-3-2-3. ತೀರ ವೇಗವಾಗಿ ಆಡಿದರೆ ವಾಕ್ಯವೇ ಒಂದು ಗಣವಾಗಿ 2-2-2-2-3. ವೇಗ ಹೆಚ್ಚಿದಂತೆ ಸಂಧಿಯ ಸೀಮೆ ವಿಸ್ತಾರವಾಗುತ್ತ ಹೋಗುತ್ತದೆ, ಒಳಗಿನ ವ್ಯಾಕರಣದ ಗೆರೆಗಳು ಅಳಿಸುತ್ತ ಹೋಗುತ್ತವೆ. ಸಂಸ್ಕೃತ ಕಾರಿಕೆ ವಿವಕ್ಷೆ ಎಂದು ಸೂಚಿಸಿದ್ದಕ್ಕೆ ಇದು ಅಳೆದು ತೋರಿಸಬಹುದಾದ ರೂಪ.

ಶಾಂಘೈ: ಪದದ ಮೊದಲಕ್ಷರದ ಯಜಮಾನಿಕೆ

ವೂ ಶಾಖೆಗೆ ಸೇರಿದ ಶಾಂಘೈ ನುಡಿಯಲ್ಲಿ ಪ್ರಕ್ರಿಯೆಯ ಸ್ವರೂಪವೇ ಬೇರೆ. ಬಿಡಿ ಅಕ್ಷರಗಳಿಗೆ ಐದು ತಾನಗಳುಂಟು. ಆದರೆ ಅಕ್ಷರಗಳು ಒಂದು ಪದವಾಗಿ ಸೇರಿದೊಡನೆ ಮೊದಲಕ್ಷರದ ತಾನ ಮಾತ್ರ ಉಳಿದು, ಉಳಿದೆಲ್ಲ ಅಕ್ಷರಗಳು ತಮ್ಮ ತಾನವನ್ನು ಕಳೆದುಕೊಳ್ಳುತ್ತವೆ. ಉಳಿದ ಆ ಒಂದು ತಾನವೇ ಇಡೀ ಪದದ ಮೇಲೆ ಹಾಸಿಕೊಳ್ಳುತ್ತದೆ. ಏರುತಾನವಾದರೆ ಮೊದಲಕ್ಷರ ತಗ್ಗಿನಲ್ಲಿಯೂ ಎರಡನೆಯದು ಎತ್ತರದಲ್ಲಿಯೂ ಇರುತ್ತವೆ. ಒಂದು ಅಕ್ಷರಕ್ಕೆ ಹೊಲಿದ ಅಂಗಿಯನ್ನು ಇಡೀ ಪದಕ್ಕೆ ತೊಡಿಸಿದಂತೆ.

ಇದರ ವ್ಯಾಕರಣಿಕ ಮಹತ್ವ ತಿಳಿಯುವುದು 'ಹುರಿದನ್ನ' ಎಂಬ ಉದಾಹರಣೆಯಿಂದ. ಪ್ರಮಾಣ ಚೀನಿಯಲ್ಲಿ 'ಚಾವ್ ಫಾನ್' ಎಂದರೆ ಹುರಿದ ಅನ್ನ ಎಂಬ ತಿನಿಸೂ ಹೌದು, ಅನ್ನ ಹುರಿ ಎಂಬ ಕ್ರಿಯೆಯೂ ಹೌದು. ಎರಡಕ್ಕೂ ಒಂದೇ ತಾನವಿನ್ಯಾಸ. ಸಂದರ್ಭದಿಂದ ಮಾತ್ರ ಅರ್ಥನಿರ್ಣಯ. ಶಾಂಘೈಯಲ್ಲಿ ತಿನಿಸಿನ ಹೆಸರು ಸಮಾಸಪದವಾದುದರಿಂದ ಎರಡನೆಯ ಅಕ್ಷರ ತನ್ನ ತಾನವನ್ನು ಬಿಟ್ಟುಕೊಟ್ಟು, ಒಟ್ಟು ಪದ 33-44 ಎಂದು ಏರುತ್ತದೆ. ಅದೇ ಅಕ್ಷರಗಳು ಕ್ರಿಯೆ ಮತ್ತು ಕರ್ಮವಾದಾಗ ಅನ್ನವಾಚಕವು ತನ್ನ ಮೂಲದ ತಗ್ಗಿನಿಂದೇರುವ ತಾನವನ್ನು ಉಳಿಸಿಕೊಳ್ಳುತ್ತದೆ, ಕ್ರಿಯಾಪದದ ತಾನ ಸ್ವಲ್ಪ ಸಮತಟ್ಟಾಗುತ್ತದೆ. ಸಮಾಸವೋ ವಾಕ್ಯಾಂಶವೋ ಎಂಬ ವ್ಯಾಕರಣದ ಪ್ರಶ್ನೆಗೆ ಕಿವಿಯೇ ಉತ್ತರ ಹೇಳುತ್ತದೆ.

1990ರಲ್ಲಿ ಎಲಿಜಬೆತ್ ಸೆಲ್‌ಕರ್ಕ್ ಮತ್ತು ಶೆನ್ ತೊಂಗ್ ಪ್ರಕಟಿಸಿದ ಅಧ್ಯಯನದಂತೆ, ಶಾಂಘೈಯಲ್ಲಿ ಪ್ರತಿಯೊಂದು ಅರ್ಥವಾಚಕ ಪದದ ಎಡತುದಿಯಲ್ಲಿ ಹೊಸ ಸೀಮೆ ಆರಂಭವಾಗುತ್ತದೆ. ಸರ್ವನಾಮ, ಅವ್ಯಯ ಮುಂತಾದ ವ್ಯಾಕರಣವಾಚಕಗಳಿಗೆ ಸೀಮೆಯನ್ನು ತೆರೆಯುವ ಅಧಿಕಾರವಿಲ್ಲ. ಅವು ಹಿಂದಿನ ಪದದ ತಾನದ ಬಾಲವಾಗಿ ನಡೆಯುತ್ತವೆ. ಕರ್ಮ ನಾಮಪದವಾದರೆ ಕ್ರಿಯಾಪದದಿಂದ ಬೇರೆಯಾಗುತ್ತದೆ, ಸರ್ವನಾಮವಾದರೆ ಕ್ರಿಯಾಪದದೊಳಗೇ ಕರಗುತ್ತದೆ. ಒತ್ತಿ ಹೇಳಿದ ಪದ ಮಾತ್ರ ಯಾವುದೇ ವರ್ಗದ್ದಾದರೂ ತನ್ನದೇ ಸೀಮೆ ತೆರೆಯಬಲ್ಲದು. ಇಲ್ಲಿಯೂ ಲಯ ಪೂರ್ತಿಯಾಗಿ ಹಿಂದೆ ಸರಿದಿಲ್ಲ. ದ್ವಾನ್‌ಮು ಸಾನ್ ಗಮನಿಸಿರುವಂತೆ, ಒಳರಚನೆಯೇ ಇಲ್ಲದ ಉದ್ದನೆಯ ವಿದೇಶೀ ಅಂಕಿತನಾಮಗಳನ್ನೂ ಶಾಂಘೈ ಭಾಷಿಕರು ಎರಡು ಮೂರಕ್ಷರಗಳ ತುಂಡುಗಳಾಗಿಸಿ ಪ್ರತಿ ತುಂಡಿಗೂ ಒಂದೊಂದು ತಾನ ಕೊಡುತ್ತಾರೆ.

ಷಿಯಾಮೆನ್ ಮತ್ತು ತೈವಾನ್: ವಾಕ್ಯರಚನೆಯ ಬಲತುದಿ

ಫೂಜಿಯಾನ್ ಪ್ರಾಂತದ ಷಿಯಾಮೆನ್ ಮತ್ತು ಅದರಾಚೆಯ ತೈವಾನಿನಲ್ಲಿ ಆಡುವ ದಕ್ಷಿಣ ಮಿನ್ ನುಡಿಯಲ್ಲಿ ಪರಿಸ್ಥಿತಿ ತಿರುವುಮುರುವು. ಗುಂಪಿನ ಕೊನೆಯ ಅಕ್ಷರ ಮಾತ್ರ ಮೂಲತಾನದಲ್ಲಿರುತ್ತದೆ, ಅದರ ಹಿಂದಿನದೆಲ್ಲವೂ ಬದಲಾಗುತ್ತದೆ. ಬದಲಾವಣೆಗೆ ನೆರೆಯ ತಾನ ಯಾವುದೆಂಬುದು ಮುಖ್ಯವಲ್ಲ, ನೆರೆಯಲ್ಲಿ ಯಾವುದೋ ಒಂದು ಅಕ್ಷರವಿದ್ದರೆ ಸಾಕು. ತೈವಾನಿನ ದಕ್ಷಿಣ ಭಾಗದ ರೂಢಿಯಲ್ಲಿ 55 ಎಂಬುದು 33 ಆಗುತ್ತದೆ, 33 ಎಂಬುದು 21, 21 ಎಂಬುದು 53, 53 ಎಂಬುದು ಮತ್ತೆ 55. ಏರುತಾನವಾದ 24 ಕೂಡ 33ಕ್ಕೆ ಬಂದು ಸೇರುತ್ತದೆ. ವಿದ್ವಾಂಸರು ತಾನಚಕ್ರವೆಂದು ಕರೆಯುವ ಈ ವ್ಯವಸ್ಥೆಯಲ್ಲಿ ಪ್ರತಿಯೊಂದು ತಾನವೂ ಇನ್ನೊಂದರ ಜಾಗವನ್ನು ಆಕ್ರಮಿಸುತ್ತದೆ. ಇದಕ್ಕೆ ಧ್ವನಿಶಾಸ್ತ್ರೀಯ ಸೌಕರ್ಯದ ಕಾರಣ ಕೊಡಲು ನಡೆದ ಪ್ರಯತ್ನಗಳು ಮನವೊಪ್ಪಿಸುವಂತಿಲ್ಲ. ಸೌಕರ್ಯಕ್ಕಾಗಿ 55 ಎಂಬುದು 33 ಆಗುವುದಾದರೆ 53 ಎಂಬುದು ಅದೇ 55 ಏಕಾಗಬೇಕು?

ನಿಯಮ ವಿಚಿತ್ರವಾದರೂ ಅದರ ಸೀಮೆ ನಿಚ್ಚಳ. 'ಲಾವ್‌ಸು ಬೆ ಛೆಃ' ಎಂದರೆ ಉಪಾಧ್ಯಾಯರು ಪುಸ್ತಕ ಕೊಳ್ಳುತ್ತಾರೆ. ಇದರಲ್ಲಿ 'ಲಾವ್' ಬದಲಾಗುತ್ತದೆ. 'ಸು' ಕರ್ತೃಪದಪುಂಜದ ಕೊನೆಯಾದುದರಿಂದ ಬದಲಾಗದು. 'ಬೆ' ಎಂಬ ಕ್ರಿಯಾಪದ ಬದಲಾಗುತ್ತದೆ. 'ಛೆಃ' ಎಂಬ ಕರ್ಮ ಬದಲಾಗದು. ಹೀಗೆ ಎರಡು ತಾನಗುಂಪುಗಳು. ಕರ್ತೃವಿನ ಸ್ಥಾನದಲ್ಲಿ 'ಇ' ಎಂಬ ಪ್ರಥಮಪುರುಷ ಸರ್ವನಾಮವನ್ನಿಟ್ಟು 'ಇ ಬೆ ಛೆಃ' ಎಂದರೆ ಆ 'ಇ' ಕೂಡ 55ರಿಂದ 33ಕ್ಕೆ ಇಳಿಯುತ್ತದೆ; ಇಡೀ ವಾಕ್ಯ ಒಂದೇ ಗುಂಪು. ಪೂರ್ಣ ನಾಮಪದ ಗುಂಪನ್ನು ಮುಚ್ಚಬಲ್ಲದು, ಸರ್ವನಾಮ ಮುಚ್ಚಲಾರದು. ಶಾಂಘೈಯಲ್ಲಿ ಸರ್ವನಾಮಕ್ಕೆ ಸೀಮೆಯನ್ನು ತೆರೆಯುವ ಅಧಿಕಾರವಿಲ್ಲದ್ದನ್ನು ಇದರೊಡನೆ ಹೋಲಿಸಿ ನೋಡಬಹುದು.

ಮ್ಯಾಥ್ಯೂ ಚೆನ್ 1987ರಲ್ಲಿ ಪ್ರಕಟಿಸಿದ ಷಿಯಾಮೆನ್ ಕುರಿತ ಲೇಖನದಲ್ಲಿ ಈ ಸಂಗತಿಗಳನ್ನು ಸೂತ್ರೀಕರಿಸಿದರು. ಪೂರ್ಣ ಪದಪುಂಜವೊಂದರ ಬಲತುದಿಯಲ್ಲಿ ತಾನಗುಂಪು ಮುಗಿಯುತ್ತದೆ, ಆದರೆ ಆ ಪದಪುಂಜ ಮತ್ತೊಂದರ ಕೇವಲ ವಿಶೇಷಣವಾಗಿದ್ದರೆ ಮುಗಿಯುವುದಿಲ್ಲ ಎಂಬುದು ಅದರ ಸಾರ. ಗುಂಪಿನ ಉದ್ದಕ್ಕೆ ಮಿತಿಯಿಲ್ಲ. ಮಾತು ವೇಗವಾದರೂ ನಿಧಾನವಾದರೂ ಗುಂಪು ಸಾಮಾನ್ಯವಾಗಿ ಬದಲಾಗುವುದಿಲ್ಲ. ಎರಡೆರಡು ಅಕ್ಷರಗಳ ಗಣದ ಒತ್ತಡ ಇಲ್ಲಿ ಕಾಣಿಸದು. ಬೀಜಿಂಗಿನ ಲಯಪ್ರಧಾನ ಸಂಧಿಗೆ ಇದು ನೇರ ವಿರುದ್ಧ.

ಸೀಮೆ ತಪ್ಪಿದರೆ ಅರ್ಥವೇ ತಪ್ಪುತ್ತದೆ ಎಂಬುದು ಈ ನುಡಿಯಲ್ಲಿ ಉತ್ಪ್ರೇಕ್ಷೆಯಲ್ಲ. 'ಕಿಯಾಂ' ಎಂದರೆ ಹೆದರು, 'ಸಿ' ಎಂದರೆ ಸಾಯು. 'ಕಿಯಾಂ' ಬದಲಾಗಿ 'ಸಿ' ಮೂಲತಾನದಲ್ಲಿದ್ದರೆ ಸಾವಿಗೆ ಹೆದರುವುದು ಎಂದರ್ಥ; ಇಲ್ಲಿ 'ಸಿ' ಕರ್ಮಸ್ಥಾನದಲ್ಲಿದೆ. 'ಕಿಯಾಂ' ಮೂಲತಾನದಲ್ಲಿದ್ದು 'ಸಿ' ಹಗುರವಾದರೆ ಹೆದರಿ ಸಾಯುವಂತಾಗುವುದು, ಅಂದರೆ ವಿಪರೀತ ಹೆದರುವುದು. ಇಲ್ಲಿ 'ಸಿ' ಕ್ರಿಯೆಯ ಪರಿಣಾಮವನ್ನು ಹೇಳುವ ಪೂರಕ. 'ಔ ಜಿತ್' ಎಂಬುದು ಒಂದು ವಿನ್ಯಾಸದಲ್ಲಿ ಮುಂದೆಂದೋ ಒಂದು ದಿನ, ಇನ್ನೊಂದು ವಿನ್ಯಾಸದಲ್ಲಿ ನಾಡಿದ್ದು. ಬರಹದಲ್ಲಿ ಎರಡಕ್ಕೂ ಅವೇ ಚೀನೀ ಲಿಪಿಚಿಹ್ನೆಗಳು. ರೋಮನ್ ಲಿಪಿಯ ಬರವಣಿಗೆಯಲ್ಲಿಯೂ ಮೂಲತಾನವನ್ನೇ ಗುರುತಿಸುವ ಸಂಪ್ರದಾಯವಿದೆ. ಪಲ್ಲಟಗೊಂಡ ತಾನವನ್ನು ಓದುಗ ತನ್ನ ವ್ಯಾಕರಣಜ್ಞಾನದಿಂದ ತುಂಬಿಕೊಳ್ಳಬೇಕು. 1958ರಲ್ಲಿ ಜಾರಿಗೆ ಬಂದ ಪ್ರಮಾಣ ಚೀನಿಯ ಪಿನ್‌ಯಿನ್ ಪದ್ಧತಿಯೂ 3ನೆಯ ತಾನದ ಪಲ್ಲಟವನ್ನು ಬರೆದು ತೋರಿಸುವುದಿಲ್ಲ. ಸಂಧಿಕಾರ್ಯವನ್ನು ಬರಹದಲ್ಲಿಯೇ ಕಾಣಿಸುತ್ತ ಬಂದ ಹಳಗನ್ನಡದ ಹಸ್ತಪ್ರತಿ ಪರಂಪರೆಗೆ ಇದು ತೀರ ಭಿನ್ನವಾದ ಲಿಪಿನೀತಿ.

ಷಿಯಾಮೆನ್ ಬಗೆಯ ಸಂಧಿಗೆ ವಿಸ್ಮಯಕರವಾದ ಇನ್ನೊಂದು ಮುಖವಿದೆ. ಶ್ಯೆ ಶಿನ್-ಇ 1970ರಲ್ಲಿ ತೈವಾನೀ ಭಾಷಿಕರಿಗೆ ಇಲ್ಲದ ಪದಗಳನ್ನು ಕೊಟ್ಟು ಪರೀಕ್ಷಿಸಿದಾಗ ತಾನಚಕ್ರದ ನಿಯಮ ನಿರೀಕ್ಷೆಯಂತೆ ಅನ್ವಯವಾಗಲಿಲ್ಲ. ಪಲ್ಲಟಗೊಂಡ ರೂಪಗಳನ್ನು ಭಾಷಿಕರು ನಿಯಮದಿಂದ ಸಾಧಿಸುವುದಕ್ಕಿಂತ ಒಂದೊಂದು ಪದದೊಡನೆಯೂ ನೆನಪಿನಲ್ಲಿಟ್ಟುಕೊಂಡಿರುತ್ತಾರೆಂಬ ಸಾಧ್ಯತೆಯನ್ನು ಇದು ಮುಂದಿಟ್ಟಿತು. ತಾನದ ಬೆಲೆ ನೆನಪಿನ ವಿಷಯ, ಸೀಮೆ ವ್ಯಾಕರಣದ ವಿಷಯ ಎಂದು ಇವೆರಡನ್ನು ಬೇರ್ಪಡಿಸಿ ನೋಡುವುದೇ ಸೂಕ್ತವೆನಿಸುತ್ತದೆ.

ಟಿಯಾನ್‌ಜಿನ್ ಒಡ್ಡುವ ತೊಡಕು

ಬೀಜಿಂಗಿನಿಂದ ಸುಮಾರು 120 ಕಿ.ಮೀ. ದೂರದಲ್ಲಿರುವ ಟಿಯಾನ್‌ಜಿನ್ ನಗರದ ನುಡಿ ಅದೇ ಉತ್ತರದ ಶಾಖೆಗೆ ಸೇರಿದ್ದು. ಲೀ ಶಿಂಗ್‌ಜಿಯಾನ್ ಮತ್ತು ಲಿಯು ಸಿಶುನ್ 1985ರಲ್ಲಿ ಅದರ ತಾನಸಂಧಿಯನ್ನು ವಿವರಿಸಿದ ಮೇಲೆ, ಮರುವರ್ಷವೇ ಮ್ಯಾಥ್ಯೂ ಚೆನ್ ಅದನ್ನು ಒಂದು ವಿರೋಧಾಭಾಸವೆಂದು ಚರ್ಚಿಸಿದರು. ಅಲ್ಲಿನ ನಿಯಮಗಳು ನಾಲ್ಕು. 1-1 ಎಂಬುದು 3-1 ಆಗುತ್ತದೆ. 3-3 ಎಂಬುದು ಬೀಜಿಂಗಿನಂತೆಯೇ 2-3. 4-4 ಎಂಬುದು 1-4. 4-1 ಎಂಬುದು 2-1.

ಮೂರು 3ನೆಯ ತಾನಗಳು ಸೇರಿದರೆ ಬೀಜಿಂಗಿನಲ್ಲಿ ಸಮಾಸರಚನೆಗೆ ಅನುಗುಣವಾಗಿ ಎರಡು ಬಗೆಯ ಉಚ್ಚಾರಣೆಗಳಿದ್ದುದನ್ನು ನೋಡಲಾಯಿತು. ಟಿಯಾನ್‌ಜಿನ್‌ನಲ್ಲಿ ರಚನೆ ಯಾವುದೇ ಇದ್ದರೂ ಫಲ 2-2-3. ಸಂಧಿ ಎಡದಿಂದ ಬಲಕ್ಕೆ ನಡೆದಂತೆ ತೋರುತ್ತದೆ. ಹಾಗಾದರೆ ಎಡದಿಂದ ಬಲಕ್ಕೆ ಎಂಬ ಒಂದು ದಿಕ್ಕನ್ನು ಗೊತ್ತುಪಡಿಸಿದರೆ ಸಾಕಲ್ಲವೇ ಎಂದರೆ, ಮೂರು 4ನೆಯ ತಾನಗಳ ಸಾಲು ಅದಕ್ಕೆ ಒಪ್ಪುವುದಿಲ್ಲ. ಅದರ ಫಲ ಎಲ್ಲ ರಚನೆಗಳಲ್ಲಿಯೂ 2-1-4. ಇದನ್ನು ಪಡೆಯಲು ಬಲದ ಜೋಡಿಯನ್ನು ಮೊದಲು 1-4 ಮಾಡಿ, ಆಮೇಲೆ ಎಡದ 4-1 ಜೋಡಿಯನ್ನು 2-1 ಮಾಡಬೇಕು. ಒಂದು ನಿಯಮ ಎಡದಿಂದ, ಮತ್ತೊಂದು ಬಲದಿಂದ. ಎರಡಕ್ಕೂ ಸಮಾಸದ ವಿಗ್ರಹದ ಪರಿವೆಯಿಲ್ಲ. 4-4 ಎಂಬ ಪಲ್ಲಟ ಕಿರಿಯ ಭಾಷಿಕರಲ್ಲಿ ಕ್ಷೀಣಿಸುತ್ತಿರುವುದನ್ನು ಅನಂತರದ ಪ್ರಾಯೋಗಿಕ ಅಧ್ಯಯನಗಳು ದಾಖಲಿಸಿವೆ. ಆದರೂ ಮೂಲದ ತೊಡಕು ಹಾಗೆಯೇ ಉಳಿದಿದೆ. ನೆರೆಯ ಎರಡು ನಗರಗಳು, ಹಂಚಿಕೊಂಡ ಒಂದು ನಿಯಮ; ಒಂದು ಕಡೆ ರಚನೆಗೆ ಕಿವಿಗೊಡುವ ಸಂಧಿ, ಇನ್ನೊಂದು ಕಡೆ ಕಿವಿಗೊಡದ ಸಂಧಿ.

ಧ್ವನಿನಿಯಮಗಳು ವಾಕ್ಯರಚನೆಯನ್ನು ನೇರವಾಗಿ ನೋಡಬಲ್ಲವೇ ಎಂಬ ವಿವಾದದಲ್ಲಿ ಈ ಸಾಮಗ್ರಿಗೆಲ್ಲ ವಿಶೇಷ ಬೆಲೆಯಿದೆ. ನೋಡಬಲ್ಲವೆಂದು ಎಲೆನ್ ಕೈಸ್ 1985ರಲ್ಲಿ ವಾದಿಸಿದರು. ವಾಕ್ಯರಚನೆ ಮೊದಲು ಲಯಘಟಕಗಳ ಶ್ರೇಣಿಯಾಗಿ ರೂಪಾಂತರಗೊಳ್ಳುತ್ತದೆ, ಧ್ವನಿನಿಯಮಗಳಿಗೆ ಕಾಣುವುದು ಆ ಶ್ರೇಣಿ ಮಾತ್ರ ಎಂದು ಮರುವರ್ಷ ಮರೀನಾ ನೆಸ್ಪೊರ್ ಮತ್ತು ಐರೀನ್ ಫೋಗೆಲ್ ತಮ್ಮ ಗ್ರಂಥದಲ್ಲಿಯೂ ಸೆಲ್‌ಕರ್ಕ್ ತಮ್ಮ ಲೇಖನದಲ್ಲಿಯೂ ಪ್ರತಿಪಾದಿಸಿದರು. ಷಿಯಾಮೆನ್ ಒಂದನ್ನೇ ನೋಡಿದರೆ ಕೈಸ್ ಅವರ ವಾದ ಬಲವಾಗಿ ಕಾಣುತ್ತದೆ. ಆದರೆ 'ನಾಯಿ ಕುದುರೆಗಿಂತ ಚಿಕ್ಕದು' ಎಂಬ ವಾಕ್ಯದ 2-3-2-3 ಉಚ್ಚಾರಣೆಯನ್ನು ಆ ವಾದದಿಂದ ಬಿಡಿಸುವುದು ಸಾಧ್ಯವಿಲ್ಲ. ಅಲ್ಲಿನ ಜೋಡಿಗಳು ವಾಕ್ಯರಚನೆಯ ಯಾವ ಘಟಕಕ್ಕೂ ಹೊಂದುವುದಿಲ್ಲ. ಮಧ್ಯದಲ್ಲೊಂದು ಲಯಘಟಕವನ್ನು ಒಪ್ಪುವುದು ಅನಿವಾರ್ಯ. ಒಪ್ಪಿದ ಮೇಲೆ ಉಪಭಾಷೆಗಳ ಭೇದವನ್ನು ಆ ಘಟಕ ಯಾವುದರಿಂದ ರೂಪುಗೊಳ್ಳುತ್ತದೆ ಎಂಬುದರಲ್ಲಿ ಹುಡುಕಬಹುದು: ಷಿಯಾಮೆನ್‌ನಲ್ಲಿ ಪದಪುಂಜದ ಬಲತುದಿ, ಶಾಂಘೈಯಲ್ಲಿ ಪದದ ಎಡತುದಿ, ಬೀಜಿಂಗಿನಲ್ಲಿ ಎರಡಕ್ಷರದ ಗಣ. 2000ದಲ್ಲಿ ಪ್ರಕಟವಾದ ಚೆನ್ ಅವರ ಬೃಹದ್ಗ್ರಂಥದಲ್ಲಿ ಇಂತಹ ಹತ್ತಾರು ನುಡಿಗಳ ಸಾಮಗ್ರಿ ಒಂದೆಡೆ ದೊರೆಯುತ್ತದೆ.

ಕನ್ನಡದ ಆದೇಶಸಂಧಿಯ ಕಡೆಗೆ

ಕನ್ನಡ ತಾನಭಾಷೆಯಲ್ಲ. ಆದರೆ ಸೀಮೆಯ ಪ್ರಶ್ನೆ ಕನ್ನಡಕ್ಕೂ ಸಲ್ಲುತ್ತದೆ. ಉತ್ತರಪದದ ಆದಿಯ ಕ, ತ, ಪಗಳಿಗೆ ಗ, ದ, ಬಗಳು ಆದೇಶವಾಗುತ್ತವೆ ಎಂಬ ನಿಯಮಕ್ಕೆ ಮಳೆಗಾಲ, ಬೆಟ್ಟದಾವರೆ, ಕಂಬನಿ ಮೊದಲಾದ ಉದಾಹರಣೆಗಳು ಪ್ರತಿ ಪಠ್ಯಪುಸ್ತಕದಲ್ಲಿಯೂ ಇವೆ. ಅಕ್ಷರಗಳ ಸನ್ನಿಧಿಯೇ ಇದಕ್ಕೆ ಕಾರಣವಾಗಿದ್ದಲ್ಲಿ 'ಮಳೆ ಕಾಣುತ್ತಿದೆ' ಎಂಬಲ್ಲಿಯೂ ಕಕಾರ ಗಕಾರವಾಗಬೇಕಿತ್ತು. ಆಗುವುದಿಲ್ಲ, ಏಕೆಂದರೆ ಅಲ್ಲಿ ಸಮಾಸವಿಲ್ಲ. 'ಕಣ್ಣು ತೆರೆ' ಎಂಬುದು ವಾಕ್ಯಾಂಶ, 'ಕಣ್ದೆರೆ' ಎಂಬುದು ಕ್ರಿಯಾಸಮಾಸ. ಶಾಂಘೈಯ ಹುರಿದನ್ನದಲ್ಲಿ ತಾನ ಮಾಡುವ ಕೆಲಸವನ್ನು ಇಲ್ಲಿ ದಕಾರ ಮಾಡುತ್ತಿದೆ.

ಇಲ್ಲಿಗೆ ನಿಂತರೆ ವ್ಯಾಕರಣವೇ ಸಾಕೆನಿಸುತ್ತದೆ. ಆದರೆ ಹೊಸಗನ್ನಡದ ಬಳಕೆ ಅಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ಕೈಗೊಳ್ಳು ಎಂಬಲ್ಲಿ ಆದೇಶವಿದೆ, ಕೈಕೊಡು ಎಂಬಲ್ಲಿ ಇಲ್ಲ. ಎರಡೂ ನಾಮಪದ ಮತ್ತು ಕ್ರಿಯಾಪದ ಸೇರಿದ ರೂಢಿಪ್ರಯೋಗಗಳೇ. ಮಳೆಗಾಲ, ಚಳಿಗಾಲ, ಬರಗಾಲಗಳೆಂಬ ಸಾಲಿನಲ್ಲಿ ಬೇಸಿಗೆ ಮಾತ್ರ ಬೇಸಿಗೆಕಾಲವಾಗಿಯೇ ಉಳಿದಿದೆ. ಮೊದಲ ಮೂರರ ಪೂರ್ವಪದ ಎರಡಕ್ಷರದ್ದು, ಬೇಸಿಗೆ ಮೂರಕ್ಷರದ್ದು ಎಂಬುದು ಒಂದು ವಿವರಣೆಯಾಗಬಲ್ಲದು. ಪೂರ್ವಪದದ ಕೊನೆಯಲ್ಲೇ ಗಕಾರವಿರುವುದರಿಂದ ಮತ್ತೊಂದು ಗಕಾರವನ್ನು ನಾಲಗೆ ತಪ್ಪಿಸುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಲಯದ ವಿವರಣೆ, ಎರಡನೆಯದು ಧ್ವನಿಯ ವಿವರಣೆ. ಗಕಾರಾಂತವಲ್ಲದ ಮೂರಕ್ಷರದ ಪೂರ್ವಪದಗಳನ್ನೂ, ಗಕಾರವಿರುವ ಎರಡಕ್ಷರದ ಪೂರ್ವಪದಗಳನ್ನೂ ನಿಘಂಟು ಹಾಗೂ ಆಡುಮಾತುಗಳಿಂದ ಬೇರೆ ಬೇರೆಯಾಗಿ ಸಂಗ್ರಹಿಸಿ ಪರಿಶೀಲಿಸಿದರೆ ಇವೆರಡರಲ್ಲಿ ಯಾವುದು ನಿಲ್ಲುತ್ತದೆಂಬುದನ್ನು ನಿರ್ಣಯಿಸಬಹುದು. ಉತ್ತರ ಕರ್ನಾಟಕ, ಕರಾವಳಿ ಮತ್ತು ಹಳೆಯ ಮೈಸೂರು ಪ್ರಾಂತಗಳ ಆಡುನುಡಿಗಳನ್ನು ಈ ಪರಿಶೀಲನೆಯಲ್ಲಿ ಪ್ರತ್ಯೇಕವಾಗಿಯೇ ಇರಿಸಿಕೊಳ್ಳಬೇಕು. ಬೀಜಿಂಗ್ ಮತ್ತು ಟಿಯಾನ್‌ಜಿನ್ ನುಡಿಗಳನ್ನು ಒಂದೇ ಪಟ್ಟಿಯಲ್ಲಿ ಬೆರೆಸಿದ್ದಿದ್ದರೆ ಆ ಎರಡರ ಭೇದವೂ ಕಣ್ಣಿಗೆ ಬೀಳುತ್ತಿರಲಿಲ್ಲ.